ಕಾಯಂ ನಿರ್ಣಾಯಕರು

ಬೀದರ್ ಜಿಲ್ಲೆಯ ಬಗದಲ್ ಸುತ್ತಿನ ಯಾವ ಶಾಲೆಯಲ್ಲಿ ಪ್ರತಿಭಾ ಕಾರಂಜಿ ನಡೆದರೂ ನಿರ್ಣಾಯಕರಿಗೆಂದು ಮೂರು ಕುರ್ಚಿ ಹಾಕಿರುತ್ತಾರೆ. ಎರಡರ ಮೇಲೆ ಯಾರು ಕೂಡಬೇಕೆಂಬುದು ಅವತ್ತು ಬೆಳಿಗ್ಗೆಯವರೆಗೂ ತೀರ್ಮಾನವಾಗಿರುವುದಿಲ್ಲ. ಮೂರನೆಯದು, ಕೈ ಇರುವ ಕುರ್ಚಿ, ನಮ್ಮ ನಿವೃತ್ತ ಸರ್ ಅವರದು. ಸರ್ವಿಸಿನಲ್ಲಿದ್ದಾಗ ಅವರು ಕಲಿಸಿದ್ದು ಹಿಂದಿ. ಆದರೆ ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿ, ಛದ್ಮವೇಷ, ಖವ್ವಾಲಿ ಎಲ್ಲಕ್ಕೂ ಅವರೇ ತಜ್ಞರು. ಕನ್ನಡ, ಉರ್ದು, ಮರಾಠಿ ಮೂರೂ ಮಾಧ್ಯಮದ ಮಕ್ಕಳಿರುವ ಜಿಲ್ಲೆ ಇದು. ಮೂರೂ ಭಾಷೆಯಲ್ಲಿ 'ಇನ್ನೂ ಸುಧಾರಿಸಬೇಕು' ಎನ್ನಬಲ್ಲವರು ಸುಲಭಕ್ಕೆ ಸಿಗುತ್ತಾರೆಯೇ?

ವಿಷಯ ಕೊಡುವವರೂ ಅವರೇ. ಕರಿಹಲಗೆಯ ಮೇಲೆ 'ಸ್ವಚ್ಛತೆ' ಎಂದು ಬರೆದು ಕೈ ಝಾಡಿಸಿಕೊಳ್ಳುತ್ತಾರೆ. ಮಕ್ಕಳು ಕ್ಷಣವೂ ಯೋಚಿಸುವುದಿಲ್ಲ. ಎರಡು ಮುಮ್ಮೂಲೆ ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಗೊಂದು ಗುಡಿಸಲು, ಎರಡು ತೆಂಗಿನ ಮರ. ಇದರ ಹೆಸರು ಸೀನರಿ. ಗುಡಿಸಲ ಮುಂದೆ ಕಸದ ಡಬ್ಬಿ ಇಟ್ಟರೆ ಸ್ವಚ್ಛತೆ, ಗುಡ್ಡದ ಮೇಲೆ ಬಾವುಟ ನೆಟ್ಟರೆ ರಾಷ್ಟ್ರೀಯ ಭಾವೈಕ್ಯ, ಹೊಳೆಗೊಂದು ನಲ್ಲಿ ಜೋಡಿಸಿದರೆ ಜಲಸಂರಕ್ಷಣೆ. ತೊಗರಿ, ಸೋಯಾ, ಕಬ್ಬಿನ ನಡುವೆ ಬೆಳೆದ ಹುಡುಗರು ಈ ಗುಡ್ಡವನ್ನೂ ತೆಂಗನ್ನೂ ಎಲ್ಲಿ ಕಂಡರೆಂಬುದು ನನಗೆ ಬಹಳ ದಿನದ ಒಗಟಾಗಿತ್ತು. ಹೋದ ವರ್ಷ ಬಹುಮಾನ ಬಂದ ಚಿತ್ರದಲ್ಲಿ ಕಂಡಿರುತ್ತಾರೆ, ಇನ್ನೆಲ್ಲಿ!

ಒಮ್ಮೆ ಒಬ್ಬ ಹುಡುಗಿ ಸೀನರಿ ಬಿಟ್ಟು ರಾಶಿಯ ಚಿತ್ರ ಬರೆದಳು. ಸೋಯಾ ಬಡಿಯುವ ಮಷಿನ್ನು, ತಲೆಗೆ ಟವೆಲ್ ಸುತ್ತಿದ ಅಪ್ಪ, ಹಾಳೆ ತುಂಬ ಧೂಳು. ಸರ್ ಕನ್ನಡಕ ಏರಿಸಿ ನೋಡಿದರು.

"ಛಂದ ಅದವ್ವ. ಆದ್ರ ಸೂರ್ಯ ಎಲ್ಲಿ?"

"ಧೂಳಿನ ಹಿಂದ ಅದಾನ್ರಿ ಸರ್."

ಸರ್ ಹಾಳೆಯನ್ನು ತಿರುವಿ ಹಿಂದೆಯೂ ನೋಡಿದರು.

ಕಲೆಯ ಜೀವ ಬಾರ್ಡರಿನಲ್ಲಿದೆ ಎಂಬುದು ಅವರ ಸಿದ್ಧಾಂತ. ಸ್ಕೇಲ್ ಹಿಡಿದು ನಾಲ್ಕೂ ಬದಿಗೆ ಗೆರೆ ಎಳೆದ ಮಗುವಿಗೆ ಒಳಗೆ ಏನೂ ಬರೆಯದಿದ್ದರೂ ಪಾಸಾಗುವಷ್ಟು ಅಂಕ ಖಚಿತ. ಮನುಷ್ಯರ ಚಿತ್ರವಾದರೆ ಅಳತೆಗೋಲು ಕಲಬುರಗಿಯ ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿದ ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು ಬರೆದು, ಕ್ಯಾಲೆಂಡರಿನ ದೇವತೆಗಳಿಗೆ ಮೈಕಟ್ಟು ಕೊಟ್ಟು ದೇಶದ ಗೋಡೆಗಳನ್ನೆಲ್ಲ ಆಳಿದವರು. ನಾಲ್ಕನೇ ಇಯತ್ತೆಯ ಪೋರ ಬರೆದ ಗಾಂಧೀಜಿಯಲ್ಲೂ ಸರ್ ಪಂಡಿತರ ದೇವತೆಗಳ ತೋಳು ಹುಡುಕುತ್ತಾರೆ. ಸಿಗುವುದಿಲ್ಲ. 'ಅಂಗರಚನೆ ದುರ್ಬಲ' ಎಂದು ಷರಾ ಬರೆಯುತ್ತಾರೆ. ಗಾಂಧೀಜಿಯ ಮಟ್ಟಿಗೆ ಅದು ಸುಳ್ಳೇನಲ್ಲ.

ಪಕ್ಷಪಾತ ಆಗಬಾರದೆಂದು ರಂಗೋಲಿಗಳಿಗೆ ಹೆಸರಿಲ್ಲ, ಬರೇ ನಂಬರು. ಆದರೆ ಹದಿನಾಲ್ಕನೇ ನಂಬರಿನ ಪಕ್ಕ ಹದಿನಾಲ್ಕನೇ ನಂಬರಿನ ತಾಯಿ ನಿಂತು, "ಸರ್, ಬಿಸಲಾಗ ನಿಂತೀರಿ, ನೀರು ಕೊಡ್ಲೇನ್ರಿ?" ಎನ್ನುತ್ತಿರುತ್ತಾಳೆ. ಸರ್ ನೀರು ಕುಡಿಯುತ್ತಾರೆ, ಅಂಕ ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ಅವರು ಕಡು ನಿಷ್ಠುರಿ. ಹದಿನೈದನೇ ನಂಬರಿನ ಚಹಾದ ಮಾತು ಬೇರೆ.

ಅಂಕಗಳ ಗೋಷವಾರೆ ಆಗುವವರೆಗೆ ಸರ್ ಮೈಕು ಹಿಡಿಯುತ್ತಾರೆ. ಭಾಷಣ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಬಿಲ್ಲೆಗಳಿಂದ ಶುರುವಾಗುತ್ತದೆ. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆಗೆ ಬಂದು ತುಸು ಕೆಮ್ಮಿ, ಬಿದರಿಗೆ ಇಳಿಯುತ್ತದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣು, ನವಸಾಗರದ ಲೇಪ ಕೊಟ್ಟರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದದ್ದು ಇದೇ ಕಲೆಗೆ. "ನೋಡ್ರಿ ಮಕ್ಕಳೇ, ನಮ್ಮ ಮಣ್ಣಿನ ಗುಣ ಎಂಥಾದ್ದದ!" ಎಂದು ಸರ್ ಮೇಜು ಗುದ್ದುತ್ತಾರೆ. ಮೊದಲೇ ಬಿಸಿಲಿಗೆ ಬಿರಿದಿದ್ದ ಮಣ್ಣಿನ ಗಣಪನ ಸೊಂಡಿಲು ಆ ಗುದ್ದಿಗೆ ಕಳಚಿ ಬೀಳುತ್ತದೆ. ಅಂಕ ಮಾತ್ರ ಸೊಂಡಿಲು ಇದ್ದಾಗಿನದು.

ಮಕ್ಕಳ ಕಣ್ಣು ಅಷ್ಟೊತ್ತಿಗೆ ಅಡುಗೆ ಕೋಣೆಯ ಕಡೆ ತಿರುಗಿರುತ್ತದೆ.

ಫಲಿತಾಂಶ ಆದ ಮೇಲೆ ಜಗಳಕ್ಕೆ ಬರುವ ಅಪ್ಪಂದಿರನ್ನು ಅವರು ನಿಭಾಯಿಸುವ ಚಂದ ನೋಡಬೇಕು. ಹೆಗಲ ಮೇಲೆ ಕೈ ಹಾಕಿ ಬೇವಿನ ಗಿಡದ ಬುಡಕ್ಕೆ ಕರೆದೊಯ್ದು, "ಖರೇ ಹೇಳ್ತೀನಿ ಕಾಕಾ, ನಿಮ್ಮ ಹುಡುಗಂದೇ ಫಸ್ಟ್ ಬರೋದಿತ್ತು. ಉಳಿದಿಬ್ಬರು ಕೇಳಲಿಲ್ಲ," ಎನ್ನುತ್ತಾರೆ. ಉಳಿದಿಬ್ಬರು ಆಗಲೇ ಗಾಡಿ ಹತ್ತಿ ಹೋಗಿರುತ್ತಾರೆ. ಸೋತ ಐದು ಹುಡುಗರ ಐದು ಅಪ್ಪಂದಿರೂ ಬೇವಿನ ಗಿಡದಿಂದ ಸಮಾಧಾನವಾಗಿ ಮರಳಿದ್ದನ್ನು ನಾನೇ ಕಂಡಿದ್ದೇನೆ.

ಮನೆಯಲ್ಲೂ ಕುರ್ಚಿ ಇಳಿಯುವ ಅಭ್ಯಾಸ ಅವರಿಗಿಲ್ಲ. ದೀಪಾವಳಿಗೆ ಸೊಸೆ ಅಂಗಳದ ತುಂಬ ರಂಗೋಲಿ ಹಾಕಿ, "ಮಾವರ, ಹೆಂಗದರಿ?" ಎಂದಳು. ಸರ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ಎದ್ದು ನಿಂತರು.

"ದ್ವಿತೀಯ."

"ಅಂಗಳದಾಗ ಇರೋದು ಒಂದೇ ಅಲ್ರಿ! ಪ್ರಥಮ ಯಾರದು?"

"ಯಾರದೂ ಇಲ್ಲವ್ವ. ಆ ಮಟ್ಟದ್ದು ಯಾವುದೂ ಬಂದಿಲ್ಲ."

ಒಳಗಿನಿಂದ ಅವರ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದರು. ಸೊಸೆಗೆ ತುಂಬಿದ ಕಪ್ಪು, ಇವರಿಗೆ ಅರ್ಧ ಕಪ್ಪು ಚಹಾ ತಂದಿಟ್ಟರು.

"ಇದೇನ, ಅರ್ಧಾ?"

"ಸಮಾಧಾನಕರ ಬಹುಮಾನ," ಎಂದು ಅವರು ಒಳಗೆ ಹೋದರು.