ಅರ್ಧ ಅಂಕದ ಅಳು-ನಗು

ಚೆಸ್ಸಿನಲ್ಲಿ ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ ಅಂಕ. ಕಾಗದದ ಮೇಲೆ ಸಮಪಾಲು. ಮುಖ ನೋಡಿದರೆ ಮಾತ್ರ ಒಬ್ಬನ ಬಾಯಲ್ಲಿ ಹೋಳಿಗೆ, ಇನ್ನೊಬ್ಬನ ಬಾಯಲ್ಲಿ ಕಷಾಯ.

2004ರಲ್ಲಿ ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ಆಗಿನ ವಿಶ್ವದ ನಂಬರ್ ಒನ್ ಕ್ಯಾಸ್ಪರೋವ್ ಎದುರು ಕೂತವನು ಹದಿಮೂರರ ಪೋರ, ಮ್ಯಾಗ್ನಸ್ ಕಾರ್ಲ್‌ಸನ್. ದೊಡ್ಡವರು ಬಂದದ್ದೇ ತಡವಾಗಿ. ಬಂದವರು ಮುಖ ಕಿವುಚಿ ಯೋಚನೆಗೆ ಬಿದ್ದರು. ಹುಡುಗನೋ, ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸುವವನಂತೆ ಎದ್ದು ಪಕ್ಕದ ಬೋರ್ಡುಗಳತ್ತ ಅಡ್ಡಾಡಿದ! ಕೊನೆಗೆ ಡ್ರಾ. ನಂಬರ್ ಒನ್ ಸರಸರನೆ ಹೊರಟೇಬಿಟ್ಟರು. ಮುಂದಿನ ಆಟ ಗೆದ್ದು ಬಡ್ಡಿ ಸಮೇತ ವಸೂಲಿ ಮಾಡಿದರೆನ್ನಿ. ಆದರೂ ಜನ ನೆನಪಿಟ್ಟದ್ದು ಆ ಅರ್ಧ ಅಂಕವನ್ನೇ.

ಆಟಗಾರರ ಬಲ ಅಳೆಯುವ ರೇಟಿಂಗ್ ಲೆಕ್ಕಕ್ಕೂ ಕರುಣೆಯಿಲ್ಲ. ಎದುರಾಳಿಗಿಂತ 400 ಅಂಕ ಮೇಲಿರುವವರು ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬಾಚಬೇಕೆಂಬುದು ಅದರ ನಿರೀಕ್ಷೆ. ಡ್ರಾ ಆಯಿತೋ, ಬಲಶಾಲಿಯ ಜೇಬಿಗೇ ಕತ್ತರಿ. ಅದಕ್ಕೇ ಚಿಕ್ಕವನು ಮನೆಗೆ ಫೋನ್ ಮಾಡಿ, "ಅಪ್ಪಾ, ಡ್ರಾ!" ಎಂದು ಕುಣಿಯುತ್ತಾನೆ. ದೊಡ್ಡವನಿಗೂ ಮನೆಯಿಂದ ಫೋನ್ ಬರುತ್ತದೆ:

"ಸೋತ್ರಾ?"

"ಇಲ್ಲ ಕಣೇ, ಡ್ರಾ."

"ಮತ್ತೇಕ್ರೀ, ದನಿ ಹೀಗೆ?"