ಪ್ಲಾಸ್ಟಿಕ್ ಶಾಸನ: ಹಪ್ಪಳದ ಪೊಟ್ಟಣವೊಂದರ ಪಾಠವಿಚಾರ

ಕಲ್ಲು, ತಾಮ್ರಪಟಗಳ ಮೇಲಿನ ಬರಹವನ್ನು ನಮ್ಮ ವಿದ್ವಾಂಸರು ಅಕ್ಷರ ಸವೆಯುವಷ್ಟು ಓದಿದ್ದಾರೆ. ಪ್ಲಾಸ್ಟಿಕ್ಕಿನ ಮೇಲಿನ ಬರಹಕ್ಕೆ ಮಾತ್ರ ಇನ್ನೂ ಒಬ್ಬ ರೈಸ್ ಸಾಹೇಬ ಹುಟ್ಟಿಲ್ಲ. ಆ ಕೊರತೆ ನೀಗಲೆಂದು ಶಿರಸಿ ಸೀಮೆಯ ಹಲಸಿನಕಾಯಿ ಹಪ್ಪಳದ ಪೊಟ್ಟಣವೊಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದೆ.

ಶಾಸನ ಬಹುಮಟ್ಟಿಗೆ ಅಖಂಡ. ಎಡಮೂಲೆಯಲ್ಲಿ ಪಿನ್ನು ಹೊಡೆದದ್ದರಿಂದ ಒಂದಕ್ಷರ ತ್ರುಟಿತ. ಹಳೆಯ ಕಲ್ಲುಗಳಲ್ಲಿ ಸೂರ್ಯಚಂದ್ರರು ಕೂರುವ ಜಾಗದಲ್ಲಿ ಚೌಕದೊಳಗೊಂದು ಹಸಿರು ಬಿಂದು ಇದೆ. ಎಷ್ಟೇ ಚಿಕ್ಕ ಪೊಟ್ಟಣವಾದರೂ ಬಿಂದುವಿನ ವ್ಯಾಸ 3 ಮಿ.ಮೀ.ಗೆ ಕಡಿಮೆಯಿರಕೂಡದು, ಚೌಕ ಅದರ ಇಮ್ಮಡಿ ಇರಬೇಕು ಎಂದು ನಿಯಮ. ಚಂದ್ರನಿಗೆ ಇಂಥ ಅಳತೆಯನ್ನು ಯಾವ ಅರಸನೂ ಗೊತ್ತುಮಾಡಿರಲಿಲ್ಲ.

ಇನ್ನು ಮುಖ್ಯಭಾಗ: ಆಹಾರ ಸುರಕ್ಷತಾ ಕಾಯ್ದೆಯಡಿ ಕೊಡುವ 14 ಅಂಕಿಗಳ ಒಂದು ಸಾಲು. ಮೊದಲ ಅಂಕಿ 1 ಇದ್ದರೆ ಆತ ಲೈಸೆನ್ಸು ಪಡೆದ ಮಹಾಮಂಡಲೇಶ್ವರ. 2 ಇದ್ದರೆ ಬರೀ ನೋಂದಣಿಯ ಊರಗೌಡ. ನಮ್ಮ ಹಪ್ಪಳ 2. ಮುಂದಿನ 12 ಎಂಬುದು ಕರ್ನಾಟಕ. ಬಳಿಕ ವರ್ಷಕ್ಕೆ ಎರಡು, ನೋಂದಣಿ ಮಾಡಿದ ಅಧಿಕಾರಿಗೆ ಮೂರು, ಉಳಿದ ಆರು ಹಪ್ಪಳ ಮಾಡಿದವರಿಗೆ. ಖಾರ ಹದವಾಗಿದೆಯೇ, ಎಣ್ಣೆಗೆ ಬಿಟ್ಟರೆ ಅರಳುತ್ತದೆಯೇ ಎಂಬುದಕ್ಕೆ ಒಂದಂಕಿಯೂ ಮೀಸಲಿಲ್ಲ. ಪೇಟೆಯ ಗ್ರಾಹಕರು ಇದನ್ನು ಸರ್ಕಾರ ತಿಂದು ನೋಡಿ ಹೊರಡಿಸಿದ ಪ್ರಶಸ್ತಿಶಾಸನವೆಂದು ಓದುತ್ತಿದ್ದಾರೆ. ಅದು ಅಪಪಾಠ. ಹೊಟ್ಟೆ ಕೆಟ್ಟರೆ ಯಾರ ಬಾಗಿಲು ಬಡಿಯಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ರಾಜವಂಶಗಳ ವಿಚಾರ ಸಂಕ್ಷಿಪ್ತವಾಗಿ: 1937ರ ಕಾಯ್ದೆಯಿಂದ ಅಗ್‌ಮಾರ್ಕ್, 1954ರಲ್ಲಿ ಕಲಬೆರಕೆ ತಡೆ ಕಾಯ್ದೆ, 1955ರಲ್ಲಿ ಉಪ್ಪಿನಕಾಯಿ, ಜಾಮುಗಳನ್ನಾಳಿದ ಹಣ್ಣಿನ ಉತ್ಪನ್ನಗಳ ಆದೇಶ. 2006ರ ಆಹಾರ ಸುರಕ್ಷತಾ ಕಾಯ್ದೆ ದಂಡೆತ್ತಿ ಬಂದು ಕಡೆಯ ಇಬ್ಬರನ್ನೂ ಪದಚ್ಯುತಗೊಳಿಸಿತು. ಅಗ್‌ಮಾರ್ಕ್ ಮಾತ್ರ ಉಳಿದುಕೊಂಡಿತು.

ಕ್ಷೇತ್ರಕಾರ್ಯದಲ್ಲಿ ಹಪ್ಪಳ ಮಾಡುವ ಅಮ್ಮನವರನ್ನು ಕಂಡೆವು. ಬೇಯಿಸಿದ ತೊಳೆಯನ್ನು ಒರಳಲ್ಲಿ ಕುಟ್ಟುತ್ತಲೇ ಮಾತಿಗೆ ಸಿಕ್ಕರು. "ಸಂತೆಯಲ್ಲಿ ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ತಾರೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನವನು ಮುಟ್ಟಿಯೂ ನೋಡಲಿಲ್ಲ, ನಂಬರ್ ಇದೆಯಾ ಅಂದ," ಎಂದರು. 2011ರ ನಿಯಮಾವಳಿಯಂತೆ ವರ್ಷದ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದರೆ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. 12 ಲಕ್ಷ ದಾಟಲು ಎಷ್ಟು ಹಲಸಿನ ಮರ ಬೇಕಾದೀತು ಎಂದು ಕೇಳಿದ್ದಕ್ಕೆ "ತಮ್ಮಾ, ಮೊದಲು ಮಂಗ ಹಿಡಿಸು" ಎಂದರು. ಈ ಉತ್ತರವನ್ನು ಯಾವ ನಮೂನೆಯಲ್ಲಿ ತುಂಬಬೇಕೋ ತಿಳಿಯದು.

ದಾಟಿದರೆ ಲೈಸೆನ್ಸು, ಲೈಸೆನ್ಸಿಗೆ ನೀರಿನ ಪರೀಕ್ಷಾ ವರದಿ, ಜೊತೆಗೆ ಉತ್ಪಾದನಾ ಘಟಕದ ಅಳತೆಸಹಿತ ನಕ್ಷೆ. ಇಲ್ಲೊಂದು ಗಹನವಾದ ಶಾಸ್ತ್ರೀಯ ತೊಡಕಿದೆ. ಹಪ್ಪಳದ ಚಾಪೆ ಬೆಳಿಗ್ಗೆ ಅಂಗಳದ ಪಡುವಣ ತುದಿಯಲ್ಲಿರುತ್ತದೆ, ಮಧ್ಯಾಹ್ನ ನಡುವೆ, ಇಳಿಹೊತ್ತಿಗೆ ಕೊಟ್ಟಿಗೆಯ ಮಾಡಿನ ಮೇಲೆ. ಬಿಸಿಲು ಹೋದಲ್ಲಿಗೆ ಘಟಕವೂ ಹೋಗುತ್ತದೆ. ಇಂಜಿನಿಯರು ಯಾವ ಹೊತ್ತಿನ ನಕ್ಷೆ ಬರೆಯಬೇಕು? ಕಾಗೆ ಕಾಯಲು ಕೋಲು ಹಿಡಿದು ಕೂತ ಮೊಮ್ಮಗ ಸಿಬ್ಬಂದಿಯೋ, ಪಕ್ಷಿನಿಯಂತ್ರಣ ವ್ಯವಸ್ಥೆಯೋ? ಎರಡು ಪಂಥಗಳಿವೆ. ಮೊಮ್ಮಗ ಎರಡನ್ನೂ ಒಪ್ಪುವುದಿಲ್ಲ, ಕಾವಲಿದ್ದಲ್ಲೇ ಹಸಿ ಹಪ್ಪಳ ತಿನ್ನುತ್ತಾನೆ.

ಕೊನೆಗೆ ಶಾಪಾಶಯ. ದತ್ತಿ ಅಳಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಹಳೆಯ ಶಾಸನಗಳು ಬೆದರಿಸುತ್ತಿದ್ದವು. ಲೈಸೆನ್ಸು ಬೇಕಾದವನು ಅದಿಲ್ಲದೆ ಮಾರಿದರೆ 2006ರ ಮೂಲಪಾಠದಲ್ಲಿ ಹೆಚ್ಚೆಂದರೆ 6 ತಿಂಗಳು ಸೆರೆ, 5 ಲಕ್ಷದವರೆಗೆ ದಂಡ. ಶಿಕ್ಷೆ ಇಳಿದಂತೆ ಕಾಣುತ್ತದೆ, ಆದರೆ ಅವಧಿ ನೋಡಬೇಕು. ಅಂದಿನ ದತ್ತಿ ಆಚಂದ್ರಾರ್ಕ. 2011ರ ಪಾಠದ ನೋಂದಣಿಗೆ ಒಂದರಿಂದ ಐದು ವರ್ಷ ಆಯುಸ್ಸು. ಮುಗಿಯುವ 30 ದಿನ ಮೊದಲೇ ನವೀಕರಣದ ಅರ್ಜಿ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ದಂಡ, ಅಂದರೆ ಒಂದು ದಿನದ ಮರೆವಿಗೆ ಒಂದು ವರ್ಷದ ಶುಲ್ಕ. ವಿಜಯನಗರದವರಿಗೆ ಈ ಉಪಾಯ ಹೊಳೆದಿದ್ದರೆ ಬೊಕ್ಕಸ ಎಂದೂ ಬರಿದಾಗುತ್ತಿರಲಿಲ್ಲ ಎಂದು ಉಪ್ಪಿನಕಾಯಿ ಮಾರುವ ಮಿತ್ರರೊಬ್ಬರು ವಾದಿಸುತ್ತಾರೆ. ಅವರ ನೋಂದಣಿ ಹೋದ ತಿಂಗಳೇ ಮುಗಿದಿದೆ.