ಚಳಿಗಾಲದ ಗಾಯನಗೋಷ್ಠಿಯಲ್ಲಿ ಗಾಯನದ ಸ್ಥಾನಮಾನ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ

ಅಮೆರಿಕದ ಮಿನೆಸೋಟಾ ರಾಜ್ಯದ ಸಣ್ಣ ಊರೊಂದರ ಚರ್ಚಿನ ನೆಲಮಾಳಿಗೆಯಲ್ಲಿ, ಜನವರಿಯ ಶನಿವಾರ ಸಂಜೆ, ಮಡಚುವ ಕುರ್ಚಿಯೊಂದರ ಮೇಲೆ ಆಸೀನನಾಗಿ ಪ್ರಬಂಧಕಾರನು ಅನುಭವಿಸಿದ ಸಾಂಸ್ಕೃತಿಕ ಸ್ಥಿತ್ಯಂತರವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವುದೇ ಪ್ರಸ್ತುತ ಸಂಕಥನದ ಆಶಯ. ಕ್ಷೇತ್ರಕಾರ್ಯದ ವೇಳೆ ಹೊರಗಿನ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗಿತ್ತು. ಒಳಗೆ ಬಾಗಿಲ ಪಕ್ಕ ಸುಮಾರು ನಲವತ್ತು ಜೊತೆ ಬೂಟುಗಳು ಹಿಮ ಕರಗಿಸಿಕೊಳ್ಳುತ್ತ ಸಾಲಾಗಿ ನಿಂತಿದ್ದವು. ಗೋಡೆಗೆ ಒರಗಿಸಿಟ್ಟ ಹಳೆಯ ಪಿಯಾನೊ, ಒಂದು ಕಾಫಿ ಡ್ರಮ್ಮು, ದೇಣಿಗೆಗೆಂದು ಒಂದು ತಟ್ಟೆ.

ಹಾಡುವವರೆಲ್ಲ ಊರಿನವರೇ. ಶಾಲಾ ಬಸ್ಸಿನ ಡ್ರೈವರ್, ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್, ಹೈಸ್ಕೂಲಿನ ಒಬ್ಬ ಹುಡುಗ, ಮತ್ತು ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸಮ್ಮ. ವಯಸ್ಸು ಎಪ್ಪತ್ತಾರು. ಮಂಜುಗಡ್ಡೆಯ ಮೇಲೆ ಬೀಳದಂತೆ ನಡೆಯುವುದನ್ನು ನಮಗೆ ಕಲಿಸಿಕೊಟ್ಟವರು ಅವರೇ. ಪ್ರಬಂಧಕಾರನು ಸಪತ್ನೀಕನಾಗಿ ಹೋದದ್ದು ಆ ಋಣಕ್ಕೆ.

2. ಪರಿಭಾಷೆ

ಜರ್ಮನ್ ಭಾಷೆಯಲ್ಲಿ ಹಾಡಿಗೆ 'ಲೀಡ್' ಎನ್ನುತ್ತಾರೆ. ಬಹುವಚನದಲ್ಲಿ 'ಲೀಡರ್'. ಇದು ಕನ್ನಡದ ಕಿವಿಗೆ ರಾಜಕೀಯವಾಗಿ ಕೇಳಿಸುವುದು ಕಾಕತಾಳೀಯ. ಆದರೆ ಭಾಷಣವಂತೂ ಇದ್ದೇ ಇತ್ತು.

ಒಬ್ಬ ಕವಿಯ ಪದ್ಯ, ಅದಕ್ಕೆ ಇನ್ನೊಬ್ಬನ ರಾಗ, ಒಂದು ಪಿಯಾನೊ, ಒಂದು ಗಂಟಲು. ನಮ್ಮ ಭಾವಗೀತೆಯ ದೂರದ ದಾಯಾದಿ. ವಿಯೆನ್ನಾದ ಫ್ರಾಂಜ್ ಶೂಬರ್ಟ್ ತನ್ನ ಹದಿನೇಳನೆಯ ವಯಸ್ಸಿಗೆ, 1814ರಲ್ಲಿ, ಗಯಟೆಯ ಪದ್ಯಕ್ಕೆ ರಾಗ ಹಾಕಿ, ಚರಕದ ಮುಂದೆ ಕೂತ ಹುಡುಗಿಯ ಸಂಕಟವನ್ನು ಪಿಯಾನೊದಲ್ಲೇ ತಿರುಗಿಸಿಬಿಟ್ಟ. 1828ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದು. ಅಷ್ಟರಲ್ಲಿ ಆರುನೂರಕ್ಕೂ ಹೆಚ್ಚು ಹಾಡು ಬರೆದಿದ್ದ. ನಮ್ಮ ಗೋಷ್ಠಿಯ ಸಂಚಾಲಕರಿಗಾದರೆ ಅಷ್ಟು ಅವಧಿಯಲ್ಲಿ ಪೀಠಿಕೆಯೂ ಮುಗಿಯುತ್ತಿರಲಿಲ್ಲ.

3. ಗಾನಕಾಲದ ತ್ರಿವಿಧ ವಿಭಜನೆ

ಗೋಷ್ಠಿಯ ಕಾಲವನ್ನು ಪ್ರಾಗ್ಗಾನಭಾಷ್ಯ, ಗಾನ ಮತ್ತು ಗಾನೋತ್ತರಭಾಷ್ಯ ಎಂದು ವಿಂಗಡಿಸಬಹುದು. ಇವುಗಳಲ್ಲಿ ಗಾನವು ಉಳಿದೆರಡರ ನಡುವಿನ ಅಲ್ಪವಿರಾಮ.

ಒಂದು ನಿದರ್ಶನ. ರಿಸೆಪ್ಷನಿಸ್ಟ್ ಹಾಡಬೇಕಿದ್ದದ್ದು ಪುಚ್ಚಿನಿಯ 'ಓ ಮಿಯೊ ಬಬ್ಬಿನೊ ಕಾರೊ'. ಎರಡೂವರೆ ನಿಮಿಷದ ಹಾಡು. ಅದಕ್ಕೆ ಹನ್ನೊಂದು ನಿಮಿಷದ ಪ್ರಾಗ್ಗಾನಭಾಷ್ಯ ಒದಗಿತು. ಸಂಚಾಲಕರು ಕಣ್ಣು ಮುಚ್ಚಿ, ಇದು ಯುದ್ಧದಿಂದ ಜರ್ಜರಿತವಾದ ಯುರೋಪಿನ ಆತ್ಮದ ಪ್ರಾರ್ಥನೆ ಎಂದರು. ಹುಡುಗಿ ಅಷ್ಟು ಹೊತ್ತೂ ಪಿಯಾನೊದ ಅಂಚು ಹಿಡಿದು ನಿಂತೇ ಇದ್ದಳು. ಮೊದಲು ನಕ್ಕ ನಗು ಆರನೇ ನಿಮಿಷಕ್ಕೆ ಮುಖದ ಮೇಲೆಯೇ ಒಣಗಿತು. ಒಂಬತ್ತನೇ ನಿಮಿಷಕ್ಕೆ ಲೋಟದ ನೀರು ಮುಗಿಯಿತು.

"ರೀ, ಇವರು ಹಾಡೋದು ಯಾವಾಗ?" ಎಂದು ಪ್ರಬಂಧಕಾರನ ಸಹಧರ್ಮಿಣಿ ಕೇಳಿದ್ದು ಈ ಹಂತದಲ್ಲಿ.

ವಾಸ್ತವದಲ್ಲಿ ಅದು 1918ರ ಡಿಸೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದ ನಗೆನಾಟಕದ ಹಾಡು. ಸತ್ತ ಶ್ರೀಮಂತನ ಉಯಿಲನ್ನು ತಿರುಚಲು ನೆಂಟರೆಲ್ಲ ಹೆಣದ ಸುತ್ತ ಕೂತಿರುತ್ತಾರೆ. ಅವರ ನಡುವೆ ಒಬ್ಬಳು ಮಗಳು, ಒಪ್ಪಿದವನಿಗೆ ಕೊಟ್ಟು ಮದುವೆ ಮಾಡದಿದ್ದರೆ ಆರ್ನೊ ನದಿಗೆ ಹಾರುತ್ತೇನೆ ಎಂದು ಅಪ್ಪನನ್ನು ಹೆದರಿಸುತ್ತಾಳೆ. ಬಾವಿಗೆ ಬೀಳ್ತೀನಿ ಎನ್ನುವ ಮಗಳು, ಆಸ್ತಿ ಪತ್ರಕ್ಕೆ ಕಾದ ನೆಂಟರು. ನಮ್ಮ ಯಾವ ತಾಲ್ಲೂಕಿನವರಿಗೂ ಇದಕ್ಕೆ ಭಾಷ್ಯ ಬೇಕಿಲ್ಲ.

4. ಕಾಸಮೀಮಾಂಸೆ

ಶೀತಪ್ರದೇಶದ ಗೋಷ್ಠಿಗಳಲ್ಲಿ ಕಾಸ, ಅರ್ಥಾತ್ ಕೆಮ್ಮು, ಮೂರು ಬಗೆ. ಭಾಷಣದುದ್ದಕ್ಕೂ ನೆಲೆಸುವುದು ಸ್ಥಾಯಿಕಾಸ. ಹಿಂದಿನ ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿಗೆ ದಾಟುವುದು ಸಂಚಾರಿಕಾಸ. ಹಾಡು ಶುರುವಾದೊಡನೆ ತಾನಾಗಿಯೇ ಅಡಗುವುದು ಸಾತ್ವಿಕ ಕಾಸ. ಇವುಗಳ ಒಂಬತ್ತು ಉಪಭೇದಗಳನ್ನೂ ಬರೆಯಲು ಹೊರಟಿದ್ದೆ. ಬೇಡ. ಜನ ಕೆಮ್ಮುತ್ತಿದ್ದದ್ದು ಭಾಷಣಕ್ಕೆ, ಹಾಡಿಗಲ್ಲ. ಹೇಳಬೇಕಾದದ್ದು ಅಷ್ಟೇ.

5. ಪೂರ್ವಸೂರಿಗಳು

ಕನ್ನಡಿಗನಿಗೂ ಈ ಹಾಡುಗಳಿಗೂ ಎತ್ತಣ ಸಂಬಂಧ ಎಂದು ಕೇಳುವವರಿಗೊಂದು ಉತ್ತರ. ರಿಚರ್ಡ್ ಸ್ಟ್ರಾಸ್ ಸಾಯುವ ಹಿಂದಿನ ವರ್ಷ ಬರೆದ ನಾಲ್ಕು ಕೊನೆಯ ಹಾಡುಗಳನ್ನು ಲೋಕ ಮೊದಲು ಕೇಳಿದ್ದು ಲಂಡನ್ನಿನಲ್ಲಿ, 1950ರ ಮೇ 22ರಂದು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಯ ಖರ್ಚಿಗೆ ಬೆನ್ನಿಗೆ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ರಷ್ಯದ ಸಂಗೀತಕಾರ ಮೆಟ್ನರನ ಕೃತಿಗಳು ಅವನ ಮುಪ್ಪಿನಲ್ಲಿ ರೆಕಾರ್ಡ್ ಆದದ್ದೂ ಇವರ ಹಣದಿಂದಲೇ. ಕೇಳಬೇಕು ಅನಿಸಿತು, ದುಡ್ಡು ಕಟ್ಟಿದರು. ರಸಿಕತನಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯೆ ನನಗೆ ಸಿಕ್ಕಿಲ್ಲ.

6. 'ಸಮಯದ ಅಭಾವ' ಎಂಬ ಪರಿಕಲ್ಪನೆ

ಎಂಟೂ ಮುಕ್ಕಾಲಿಗೆ ಸಂಚಾಲಕರು ಗಡಿಯಾರ ನೋಡಿದರು. ಒಂಬತ್ತಕ್ಕೆ ಬೀಗದ ಕೈ ಒಪ್ಪಿಸಬೇಕು. ಕೊನೆಯ ಗಾಯಕಿ ದಯವಿಟ್ಟು ಎರಡರ ಬದಲು ಒಂದೇ ಹಾಡು ಹಾಡಲಿ ಎಂದರು.

ಇಂಗ್ಲಿಷಿನಲ್ಲಿ ಹೇಳಿದರೂ ನನಗೆ ಕೇಳಿಸಿದ್ದು ಕನ್ನಡದಲ್ಲೇ: "ಸಮಯದ ಅಭಾವದಿಂದ..." ನಮ್ಮೂರಿನ ರಾಜ್ಯೋತ್ಸವದಲ್ಲಿ ಗಣ್ಯರು ಒಬ್ಬರಾದ ಮೇಲೊಬ್ಬರು ನಾಡು ನುಡಿಯ ಬಗ್ಗೆ ಎರಡು ಮಾತಾಡಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ತಿಂಗಳಿಡೀ ಅಭ್ಯಾಸ ಮಾಡಿದ್ದ ನನ್ನ ತಂಗಿ ಕೋಲಾಟದ ಕೋಲು ಹಿಡಿದುಕೊಂಡೇ ಪರದೆಯ ಹಿಂದೆ ನಿದ್ದೆ ಹೋಗಿದ್ದಳು, ಕೆನ್ನೆಯ ಬಣ್ಣ ಅಮ್ಮನ ಸೆರಗಿಗೆ ಮೆತ್ತಿತ್ತು. ಅವಳನ್ನು ಎಬ್ಬಿಸಲೇ ಇಲ್ಲ.

ಸಮಯಕ್ಕೆ ಯಾವತ್ತೂ ಅಭಾವ ಇರುವುದಿಲ್ಲ. ಅದನ್ನು ಯಾರೋ ತಿಂದಿರುತ್ತಾರೆ. ತಿಂದವರೇ ಮೈಕ್ ಹಿಡಿದು ಅಭಾವವನ್ನು ಘೋಷಿಸುತ್ತಾರೆ. ಕಲೆಯನ್ನು ಕೊಂಡಾಡುವವರೇ ಕಲಾವಿದರ ಕತ್ತು ಹಿಸುಕುವ ಈ ಪದ್ಧತಿಗೆ ನಾನು ಇಟ್ಟುಕೊಂಡಿದ್ದ ಸಂಸ್ಕೃತದ ಹೆಸರು ಈಗ ನೆನಪಾಗುತ್ತಿಲ್ಲ. ಕನ್ನಡದಲ್ಲಿ ಕಳ್ಳತನ ಎನ್ನುತ್ತಾರೆ.

7. ಫಲಿತಗಳು

ನರ್ಸಮ್ಮ ಸಿದ್ಧ ಮಾಡಿಕೊಂಡಿದ್ದ ಎರಡೂ ಹಾಡು ಶೂಬರ್ಟನ 'ಚಳಿಗಾಲದ ಪಯಣ'ದವು. 1827ರಲ್ಲಿ ಮ್ಯೂಲರನ ಪದ್ಯಗಳಿಗೆ ರಾಗ ಹಾಕಿದ ಇಪ್ಪತ್ತನಾಲ್ಕು ಹಾಡುಗಳ ಗುಚ್ಛ ಅದು. ಶೂಬರ್ಟ್ ಇವನ್ನು ಗೆಳೆಯನ ಮನೆಯಲ್ಲಿ ತಾನೇ ಹಾಡಿ ತೋರಿಸಿದಾಗ ಕೇಳಿದವರು ಕಂಗಾಲಾದರಂತೆ. ಹಿಡಿಸಿದ್ದು 'ಲಿಂಡನ್ ಮರ' ಒಂದೇ ಎಂದರಂತೆ. ಅವನು ವಾದಿಸಲಿಲ್ಲ. ನನಗೆ ಇವೆಲ್ಲ ಬಲು ಇಷ್ಟ, ನಿಮಗೂ ಮುಂದೆ ಹಿಡಿಸುತ್ತವೆ ಎಂದನಂತೆ. ಭಾಷ್ಯ ಅಷ್ಟೇ.

ನರ್ಸಮ್ಮ 'ಲಿಂಡನ್ ಮರ'ವನ್ನು ಕೈಬಿಟ್ಟರು. ಹಾಡಿದ್ದು ಕಟ್ಟಕಡೆಯದನ್ನು. ಊರಾಚೆ ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತು ವಾದ್ಯದ ಹಿಡಿ ತಿರುಗಿಸುವ ಒಬ್ಬ ಮುದುಕ. ಕೇಳುವವರಿಲ್ಲ, ನಾಯಿಗಳು ಗುರುಗುಟ್ಟುತ್ತವೆ, ತಟ್ಟೆ ಖಾಲಿ. ಪಿಯಾನೊದ ಎಡಗೈ ಮೊದಲಿಂದ ಕೊನೆಯವರೆಗೆ ಷಡ್ಜ ಪಂಚಮ ಎರಡನ್ನೇ ಹಿಡಿದು ಕೂತಿರುತ್ತದೆ, ನಮ್ಮ ತಂಬೂರಿಯ ಹಾಗೆ. ಅವರ ದನಿ ಮೇಲಿನ ಸ್ವರದಲ್ಲಿ ಒಂದು ಕಡೆ ಬಿರುಕು ಬಿಟ್ಟಿತು. ಯಾರೂ ಕೆಮ್ಮಲಿಲ್ಲ.

ಆಮೇಲೆ ಗಾನೋತ್ತರಭಾಷ್ಯ. ನಾವು ಎದ್ದುಬಂದೆವು.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ನರ್ಸಮ್ಮ ಕಾರಿನ ಗಾಜಿಗೆ ಕಟ್ಟಿದ್ದ ಮಂಜನ್ನು ಕೆರೆಯುತ್ತಿದ್ದರು. ಬಿಟ್ಟುಹೋದ ಹಾಡು ಹೇಗಿತ್ತು ಎಂದು ನನ್ನ ಹೆಂಡತಿ ಕೇಳಿದಳು. ಅವರು ಕೈ ನಿಲ್ಲಿಸದೆ, ಬಾಯಿ ತೆರೆಯದೆ ಗುನುಗತೊಡಗಿದರು. ಅವರ ಉಸಿರು ಹಬೆಯಾಗಿ ಮೇಲೇಳುತ್ತಿತ್ತು. ಗಾಜು ಪೂರ್ತಿ ತಿಳಿಯಾದ ಮೇಲೂ ಕೆರೆಯುತ್ತಲೇ ಇದ್ದರು. ಹಾಡಿನ್ನೂ ಮುಗಿದಿರಲಿಲ್ಲ.